ಹಸಿ ವೀಗನ್ ಊಟದಲ್ಲಿ ಉಪ್ಪು ಎಷ್ಟು, ಯಾವ ಉಪ್ಪು, ಉಳಿದದ್ದೆಲ್ಲ ಎಲ್ಲಿಂದ? ಕರಾವಳಿಯವರ ಅನುಭವ ಹಂಚಿಕೆ

ಕೇಳಿದ್ದು (ಬಿಜೈ, ಮಂಗಳೂರು): ಮೂರು ತಿಂಗಳಿಂದ ಬೇಯಿಸಿದ್ದು ಇಲ್ಲ, ಹಾಲು-ಮೊಸರು-ತುಪ್ಪ ಇಲ್ಲ. ಹಣ್ಣು, ತರಕಾರಿ, ಮೊಳಕೆ, ತೆಂಗಿನಕಾಯಿ ಅಷ್ಟೇ. ಉಪ್ಪನ್ನೂ ಬಿಟ್ಟಾಗಿದೆ. ಈ ಏಪ್ರಿಲ್ ಸೆಕೆಯಲ್ಲಿ ಮಧ್ಯಾಹ್ನ ಎದ್ದು ನಿಂತರೆ ಕಣ್ಣು ಕತ್ತಲೆ, ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ. ಬಿಪಿ, ಶುಗರ್, ಕಿಡ್ನಿ ತೊಂದರೆ ಇಲ್ಲ. ಯಾವ ಮಾತ್ರೆಯೂ ಇಲ್ಲ. ಉಪ್ಪು ಬೇಕಾ? ಬೇಕಾದರೆ ಯಾವುದು, ಎಷ್ಟು? ಈ ಊಟದಲ್ಲಿ ಮತ್ತೇನು ಕಮ್ಮಿ ಬೀಳುತ್ತದೆ? ಚಮಚ, ಗ್ರಾಂ ಲೆಕ್ಕದಲ್ಲಿ ಹೇಳಿದರೆ ಉಪಕಾರ.

ಕದ್ರಿಯಿಂದ: ಬೇಕು. ವಾದ ಬೇಡ, ಲೆಕ್ಕ ಹಾಕುವ.

ನೂರು ಗ್ರಾಂ ಬಾಳೆಹಣ್ಣಲ್ಲಿ ಸೋಡಿಯಂ 1 ಮಿಲಿಗ್ರಾಂ. ಮುಳ್ಳುಸೌತೆಯಲ್ಲಿ 2, ಟೊಮೆಟೊದಲ್ಲಿ 5, ಪಪ್ಪಾಯಿಯಲ್ಲಿ 8, ತೆಂಗಿನ ತುರಿಯಲ್ಲಿ 20. ಸ್ವಲ್ಪ ಜಾಸ್ತಿ ಇರುವುದು ಕ್ಯಾರೆಟ್, ಬೀಟ್‌ರೂಟ್, ಪಾಲಕ್‌ನಲ್ಲಿ, ಅದೂ 70ರಿಂದ 80. ಈಗ ಒಂದು ದಿನದ ತಟ್ಟೆ ನೋಡಿ: ಬಾಳೆಹಣ್ಣು 600 ಗ್ರಾಂ, ಪಪ್ಪಾಯಿ 300, ಸೌತೆ 200, ಟೊಮೆಟೊ 200, ಕ್ಯಾರೆಟ್ 100, ತುರಿ 60, ಮೊಳಕೆ 100, ಸೊಪ್ಪು 50. ಎಲ್ಲ ಕೂಡಿಸಿದರೂ ಸೋಡಿಯಂ 200 ಮಿಲಿಗ್ರಾಂ ಮುಟ್ಟುವುದಿಲ್ಲ. ದೊಡ್ಡವರಿಗೆ ಸಾಕಷ್ಟು ಅಂತ ಹೇಳುವುದು 1500. ವಿಶ್ವ ಆರೋಗ್ಯ ಸಂಸ್ಥೆ ದಾಟಬೇಡಿ ಅನ್ನುವ ಗೆರೆ 2000, ಅಂದರೆ 5 ಗ್ರಾಂ ಉಪ್ಪು. ಅದೇ ತಟ್ಟೆಯಲ್ಲಿ ಪೊಟ್ಯಾಶಿಯಂ ಮಾತ್ರ 4000 ದಾಟುತ್ತದೆ. ಬೇಯಿಸಿ ತಿನ್ನುವ ಮನೆಯಲ್ಲಿ ಉಪ್ಪು ಜಾಸ್ತಿಯಾಗಿ ಕಷ್ಟ, ನಿಮ್ಮದು ಅದರ ತದ್ವಿರುದ್ಧ.

ಬಾಕಿ ಇರುವುದು 1300 ಮಿಲಿಗ್ರಾಂ. ಒಂದು ಗ್ರಾಂ ಉಪ್ಪಲ್ಲಿ ಸೋಡಿಯಂ ಸುಮಾರು 390. ಹಾಗಾದರೆ ಮೂರು ಚಿಲ್ಲರೆ ಗ್ರಾಂ ಉಪ್ಪು ಬೇಕು. ಪುಡಿ ಉಪ್ಪನ್ನು ಟೀ ಚಮಚದಲ್ಲಿ ತೆಗೆದು ಚಾಕುವಿನ ಬೆನ್ನಿನಿಂದ ಸವರಿದರೆ ಒಂದು ಚಮಚ 6 ಗ್ರಾಂ. ಹಾಗಾಗಿ ನಿಮ್ಮ ಲೆಕ್ಕ ದಿನಕ್ಕೆ ಅರ್ಧ ಟೀ ಚಮಚ, ಬೆವರುವ ಕೆಲಸ ಇದ್ದ ದಿನ ಮುಕ್ಕಾಲು. ಹರಳುಪ್ಪಾದರೆ ಚಮಚದ ಲೆಕ್ಕ ನಡೆಯುವುದಿಲ್ಲ: ಹರಳಿನ ನಡುವೆ ಗಾಳಿ ಇರುವುದರಿಂದ ಚಮಚ ತುಂಬಿದರೂ ತೂಕ ಬರುವುದಿಲ್ಲ. ಅದನ್ನು ಕುಟ್ಟಿ ಅಳೆಯಿರಿ, ಇಲ್ಲವೇ ತೂಕ ಮಾಡಿ.

ಬೆಳಿಗ್ಗೆ ಒಂದು ಚಿಕ್ಕ ಡಬ್ಬಿಗೆ ಅರ್ಧ ಚಮಚ ಹಾಕಿಟ್ಟುಕೊಳ್ಳಿ, ದಿನವಿಡೀ ಅದರಿಂದಲೇ ತೆಗೆಯಿರಿ, ರಾತ್ರಿ ಡಬ್ಬಿ ಖಾಲಿ ಆಗಬೇಕು. ಕೈಯಲ್ಲಿ ಚಿಟಿಕೆ ಹಿಡಿದು ಹಾಕುವವರಿಗೆ ಎಷ್ಟು ತಿಂದೆವು ಅಂತ ಗೊತ್ತೇ ಇರುವುದಿಲ್ಲ. ಒಬ್ಬರ ಚಿಟಿಕೆ ಇನ್ನೊಬ್ಬರ ಎರಡು ಚಿಟಿಕೆ.

ಕಾಪುವಿನಿಂದ: ಸ್ವಲ್ಪ ತಡೆಯಿರಿ. ಹಸಿ ಆಹಾರದ ಮೂಲ ಕಲ್ಪನೆಯಲ್ಲೇ ಉಪ್ಪು ಇಲ್ಲ. ಅಮೆಜಾನ್ ಕಾಡಿನ ಯಾನೊಮಾಮಿ ಜನ ಉಪ್ಪೇ ಕಾಣದೆ ಬದುಕುತ್ತಾರೆ, ಅವರಿಗೆ ವಯಸ್ಸಾದ ಮೇಲೂ ಬಿಪಿ ಏರುವುದಿಲ್ಲ. ಉಪ್ಪು ಕಮ್ಮಿಯಾದರೆ ಮೂತ್ರಪಿಂಡವೇ ಸೋಡಿಯಂ ಹಿಡಿದಿಟ್ಟುಕೊಳ್ಳುತ್ತದಲ್ಲ?

ಕದ್ರಿಯಿಂದ: ಹಿಡಿದಿಡುತ್ತದೆ, ಸುಳ್ಳಲ್ಲ. ಉಪ್ಪು ಉಳಿಸುವ ಹಾರ್ಮೋನು ಆಲ್ಡೊಸ್ಟಿರೋನ್ ಏರುತ್ತದೆ, ಕೆಲವೇ ದಿನದಲ್ಲಿ ಮೂತ್ರದಲ್ಲಿ ಹೋಗುವ ಸೋಡಿಯಂ ತುಂಬಾ ಇಳಿಯುತ್ತದೆ. ಬೆವರಿನ ಗ್ರಂಥಿಯೂ ಒಂದಷ್ಟು ವಾಪಸು ಹೀರುತ್ತದೆ. ಆದರೆ ಆ ಉಳಿತಾಯಕ್ಕೂ ಒಂದು ಮಿತಿ ಉಂಟು. ಒಂದು ಲೀಟರ್ ಬೆವರಿನಲ್ಲಿ ಸೋಡಿಯಂ ಸಾಮಾನ್ಯವಾಗಿ ಅರ್ಧ ಗ್ರಾಂನಿಂದ ಒಂದೂವರೆ ಗ್ರಾಂಗೂ ಮೇಲೆ, ಜನದಿಂದ ಜನಕ್ಕೆ ಬೇರೆ. ನಮ್ಮಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ ಬೆವರು ಆರುವುದಿಲ್ಲ, ಸುರಿಯುತ್ತದೆ. ಗಾಳಿಯಲ್ಲಿ ತೇವ ತುಂಬಿರುವಾಗ ಬೆವರು ಆವಿಯಾಗದೆ ಮೈ ತಂಪಾಗುವುದಿಲ್ಲ, ತಂಪಾಗದ್ದಕ್ಕೆ ಇನ್ನೂ ಬೆವರುತ್ತದೆ. ದಿನಕ್ಕೆ 200 ಮಿಲಿಗ್ರಾಂ ಜಮಾ ಮಾಡಿ, ಒಂದು ಲೀಟರ್ ಬೆವರಿಗೆ 800 ಖರ್ಚು ಮಾಡಿದರೆ ಯಾವ ಮೂತ್ರಪಿಂಡ ಸರಿದೂಗಿಸುತ್ತದೆ?

ಯಾನೊಮಾಮಿಯವರು ಹುಟ್ಟಿನಿಂದ ಹಾಗೆ ಬೆಳೆದವರು, ಅವರ ರಕ್ತದಲ್ಲಿ ರೆನಿನ್, ಆಲ್ಡೊಸ್ಟಿರೋನ್ ಯಾವಾಗಲೂ ಎತ್ತರದಲ್ಲೇ ಇರುತ್ತವೆ. ಅದೂ ಅಲ್ಲದೆ ಅವರು ಬೇಯಿಸಿ ತಿನ್ನುತ್ತಾರೆ, ಬೇಟೆಯ ಮಾಂಸವೂ ತಿನ್ನುತ್ತಾರೆ. ಮೂವತ್ತು ವರ್ಷ ಗಂಜಿ-ಉಪ್ಪಿನಕಾಯಿ ತಿಂದು ಬೆಳೆದ ಮೈಯನ್ನು ಒಂದು ಸೋಮವಾರದಿಂದ ಆ ಲೆಕ್ಕಕ್ಕೆ ಇಳಿಸಿದರೆ ಕಣ್ಣು ಕತ್ತಲೆ ಬರುವುದು ಆಶ್ಚರ್ಯವಾ?

ಬೈಂದೂರಿನಿಂದ: ಉಪ್ಪಿನ ಜೊತೆ ನೀರಿನ ಲೆಕ್ಕವೂ ನೋಡಿ. ಉಪ್ಪಿಲ್ಲದೆ ದಿನಕ್ಕೆ ನಾಲ್ಕೈದು ಲೀಟರ್ ಬರೀ ನೀರು ಕುಡಿಯುವವರಿದ್ದಾರೆ, 'ಶುದ್ಧಿ' ಅಂತ. ಹಣ್ಣು-ತರಕಾರಿಯಲ್ಲೇ ಒಂದೂವರೆ ಲೀಟರ್ ನೀರು ಹೋಗಿರುತ್ತದೆ. ಇದರ ಮೇಲೆ ಬರೀ ನೀರು ಸುರಿದರೆ ರಕ್ತದ ಸೋಡಿಯಂ ತೆಳುವಾಗುತ್ತದೆ. ಮೊದಲು ತಲೆನೋವು, ವಾಕರಿಕೆ, ಸುಸ್ತು. ಮಾತು ತಡವರಿಸಿದರೆ, ಗಲಿಬಿಲಿಯಾದರೆ ಮನೆಮದ್ದು ಮಾಡುತ್ತ ಕೂರಬೇಡಿ, ನೇರ ಆಸ್ಪತ್ರೆ.

ಬೆವರಿದ ದಿನಕ್ಕೆ: ಒಂದು ಲೀಟರ್ ನೀರಿಗೆ ಕಾಲು ಚಮಚ ಉಪ್ಪು (ಒಂದೂವರೆ ಗ್ರಾಂ, ಸೋಡಿಯಂ 580 ಮಿಲಿಗ್ರಾಂ), ಮೂರು-ನಾಲ್ಕು ಪುನರ್ಪುಳಿ (ಕೋಕಂ) ಸಿಪ್ಪೆ. ಒಣಗಿಸಿದ ಸಿಪ್ಪೆಯಾದರೆ ರಾತ್ರಿ ತಣ್ಣೀರಲ್ಲಿ ನೆನೆಹಾಕಿ, ಬೆಳಿಗ್ಗೆ ಹಿಸುಕಿ ಸೋಸಿ. ಕುದಿಸುವ ಅಗತ್ಯವೇ ಇಲ್ಲ. ಸಿಹಿ ಬೇಕಾದರೆ ಖರ್ಜೂರ ನೆನೆಸಿದ ನೀರು. ಬೆಲ್ಲ ಕಬ್ಬಿನ ಹಾಲು ಕುದಿಸಿ ಮಾಡಿದ್ದು, ಕಟ್ಟುನಿಟ್ಟಿನ ಹಸಿಯವರು ಅದನ್ನು ಒಪ್ಪುವುದಿಲ್ಲ. ಸಿಪ್ಪೆ ಕೊಳ್ಳುವಾಗ ನಾಲಿಗೆಗೆ ಮುಟ್ಟಿಸಿ ನೋಡಿ. ಕೆಲವು ಕಡೆ ಉಪ್ಪು ಹಚ್ಚಿ ಒಣಗಿಸುತ್ತಾರೆ, ಆಗ ಮೇಲಿಂದ ಹಾಕುವ ಉಪ್ಪು ಅರ್ಧ ಮಾಡಿ.

ಇದು ಬೆವರಿಗೆ ಮಾತ್ರ. ಭೇದಿಯಾದರೆ ಲೆಕ್ಕ ಬೇರೆ: ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಅರ್ಧ ಟೀ ಚಮಚ ಉಪ್ಪು, ಆರು ಟೀ ಚಮಚ ಸಕ್ಕರೆ, ಎರಡೂ ಸವರಿ ಅಳೆದದ್ದು. ಅಲ್ಲಿ ಸಕ್ಕರೆ ಬರೀ ರುಚಿಗಲ್ಲ, ಕರುಳು ಸೋಡಿಯಂ ಹೀರಲು ಗ್ಲೂಕೋಸ್ ಜೊತೆಯಲ್ಲೇ ಇರಬೇಕು. ಆ ಹೊತ್ತಲ್ಲಿ ಹಸಿ-ಬೇಯಿಸಿದ್ದು ಅಂತ ತಕರಾರು ತೆಗೆಯಬೇಡಿ.

ಕೇಳಿದವರು: ಎಳನೀರು ಸಾಕಾಗುವುದಿಲ್ಲವಾ? ದಿನಕ್ಕೆ ಎರಡು ಕುಡಿಯುತ್ತಿದ್ದೇನೆ.

ಬೈಂದೂರಿನಿಂದ: ಎಳನೀರಲ್ಲಿ ಪೊಟ್ಯಾಶಿಯಂ ಧಾರಾಳ, ನೂರು ಮಿಲಿಗೆ 200–250 ಮಿಲಿಗ್ರಾಂ. ಸೋಡಿಯಂ ಅದರ ಅರ್ಧಕ್ಕೂ ಕಮ್ಮಿ, ಕಾಯಿ ಎಷ್ಟು ಬಲಿತಿದೆ, ಯಾವ ಮಣ್ಣು ಅನ್ನುವುದರ ಮೇಲೆ ಏರಿಳಿತ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ, ತುಂಬುತ್ತಿರುವುದು ಪೊಟ್ಯಾಶಿಯಂ, ಅದೂ ಈಗಾಗಲೇ ನಿಮಗೆ ಸಾಕಷ್ಟು ಇರುವಂಥದ್ದು. ಎಳನೀರಿಗೆ ಕಾಲು ಚಮಚದ ಅರ್ಧ ಉಪ್ಪು ಹಾಕಿ ಕಲಕಿ ಕುಡಿಯಿರಿ, ಸುಮಾರು 290 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ರುಚಿಯೂ ಕೆಡುವುದಿಲ್ಲ, ಇನ್ನೂ ಸಿಹಿ ಅನ್ನಿಸುತ್ತದೆ. ಮೂತ್ರಪಿಂಡದ ತೊಂದರೆ ಇರುವವರು, ಪೊಟ್ಯಾಶಿಯಂ ಏರಿಸುವ ಬಿಪಿ ಮಾತ್ರೆ ತಿನ್ನುವವರು ಈ ಎಳನೀರು-ಬಾಳೆಹಣ್ಣಿನ ಊಟಕ್ಕೆ ಡಾಕ್ಟರನ್ನು ಕೇಳದೆ ಕೈ ಹಾಕಲೇಬಾರದು.

ಮಣಿಪಾಲದಿಂದ: ಎಷ್ಟು ಅಂತ ಆಯಿತು. ಯಾವ ಉಪ್ಪು ಅನ್ನುವುದು ಅದಕ್ಕಿಂತ ದೊಡ್ಡ ಪ್ರಶ್ನೆ, ಹೆಚ್ಚಿನವರು ಜಾರುವುದು ಇಲ್ಲೇ.

ಹಸಿ ಆಹಾರಕ್ಕೆ ಬಂದವರು ಮೊದಲು ಮಾಡುವ ಕೆಲಸ ಅಯೋಡಿನ್ ಇರುವ ಪುಡಿ ಉಪ್ಪನ್ನು 'ಕೆಮಿಕಲ್' ಅಂತ ಬಿಟ್ಟು ಸೈಂಧವ ಲವಣ ತರುವುದು. ಬಣ್ಣ ಗುಲಾಬಿ ಇರಲಿ, ಬಿಳಿ ಇರಲಿ, ಅದರಲ್ಲಿ ನೂರಕ್ಕೆ 97–98 ಪಾಲು ಅದೇ ಸೋಡಿಯಂ ಕ್ಲೋರೈಡ್. 'ಎಂಬತ್ತನಾಲ್ಕು ಖನಿಜ' ಅನ್ನುವುದು ಉಳಿದ ಎರಡು-ಮೂರು ಪಾಲಿನಲ್ಲಿ ಹಂಚಿಹೋದ ಚೂರುಗಳು. ಮೂರು ಗ್ರಾಂ ಉಪ್ಪಿನಿಂದ ಸಿಗುವ ಕಬ್ಬಿಣಕ್ಕೆ ಒಂದು ಹಿಡಿ ಮೊಳಕೆ ಸಾಟಿ ಮಾತ್ರ ಅಲ್ಲ, ಎಷ್ಟೋ ಪಾಲು ಮೇಲು. ಅದರಲ್ಲಿ ಇಲ್ಲದ್ದು ಅಯೋಡಿನ್. ಸಾಣಿಕಟ್ಟೆಯ ಕಡೆಯಿಂದ ಬರುವ ಬೂದು ಹರಳುಪ್ಪೂ ಅಷ್ಟೇ, ಚೀಲದ ಮೇಲೆ ಅಯೋಡಿನ್ ಸೇರಿಸಿದೆ ಅಂತ ಬರೆದಿಲ್ಲದಿದ್ದರೆ ಇಲ್ಲ ಅಂತಲೇ ಲೆಕ್ಕ. ಸಮುದ್ರದ ಉಪ್ಪಲ್ಲವಾ, ಅಯೋಡಿನ್ ಇದ್ದೇ ಇರುತ್ತದೆ ಅನ್ನುವುದು ತಪ್ಪು ಕಲ್ಪನೆ. ಗದ್ದೆಯಲ್ಲಿ ಉಪ್ಪು ಹರಳುಗಟ್ಟುವಾಗ ಅದರಲ್ಲಿ ಉಳಿಯುವುದು ಅತ್ಯಲ್ಪ.

ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ. ಕರಾವಳಿಯ ಬಾಕಿಯವರಿಗೆ ಮೀನಿನಿಂದ, ಹಾಲಿನಿಂದ ಒಂದು ಪಾಲು ಬರುತ್ತದೆ. ವೀಗನ್ ಆದವರಿಗೆ ಎರಡೂ ದಾರಿ ಮುಚ್ಚಿದೆ. ಅಂಗಡಿಯಲ್ಲಿ ಸಿಗುವ ಅಯೋಡಿನ್ ಉಪ್ಪಿನಲ್ಲಿ ಕನಿಷ್ಠ 15 ಪಿಪಿಎಂ ಇರಬೇಕು, ಅಂದರೆ ಗ್ರಾಂಗೆ 15 ಮೈಕ್ರೋಗ್ರಾಂ. ಚೆನ್ನಾಗಿರುವ ಪ್ಯಾಕೆಟ್‌ನಲ್ಲಿ 30ರವರೆಗೆ. ಕದ್ರಿಯವರು ಹೇಳಿದ ಅರ್ಧ ಚಮಚ, ಮೂರು ಗ್ರಾಂ, ತಿಂದರೆ 45ರಿಂದ 90 ಆಯಿತು. ಪೂರ್ತಿ ತುಂಬಲಿಲ್ಲ ನೋಡಿ! ಅದಕ್ಕೆ ಉಪ್ಪು ಜಾಸ್ತಿ ಮಾಡಬೇಡಿ. 150 ಮೈಕ್ರೋಗ್ರಾಂ ಅಯೋಡಿನ್ ಇರುವ ಮಲ್ಟಿವಿಟಮಿನ್ ಮಾತ್ರೆ ದಿನ ಬಿಟ್ಟು ದಿನ ತೆಗೆದುಕೊಂಡರೆ ಸರಿಹೋಗುತ್ತದೆ. ಥೈರಾಯ್ಡ್ ತೊಂದರೆ ಇರುವವರು ಕೇಳಿ ತೆಗೆದುಕೊಳ್ಳಿ.

ಸಮುದ್ರದ ಕಳೆ ತಿನ್ನಿ ಅಂತ ವಿದೇಶದ ವೀಡಿಯೊಗಳಲ್ಲಿ ಹೇಳುತ್ತಾರೆ. ಕೆಲ್ಪ್ ಜಾತಿಯ ಒಂದು ಗ್ರಾಂನಲ್ಲೇ ಸಾವಿರಾರು ಮೈಕ್ರೋಗ್ರಾಂ ಅಯೋಡಿನ್ ಇರಬಹುದು. ಕೊರತೆಯಷ್ಟೇ ಅತಿಯೂ ಥೈರಾಯ್ಡ್ ಕೆಡಿಸುತ್ತದೆ. ಮಲ್ಪೆ ಕಡಲತೀರದ ಬಂಡೆಯಿಂದ ಕಿತ್ತು ತಂದು ತಿನ್ನುವ ಸಾಹಸ ಅಂತೂ ಬೇಡ.

ಹಸಿ ಎಲೆಕೋಸು, ಮೂಲಂಗಿ ರಾಶಿ ತಿನ್ನುವವರಿಗೆ ಅಯೋಡಿನ್ ಇನ್ನೂ ಮುಖ್ಯ. ಥೈರಾಯ್ಡ್‌ನ ಅಯೋಡಿನ್ ಬಳಕೆಗೆ ಅಡ್ಡ ಬರುವ ಅವುಗಳ ಗಾಯಿಟ್ರೋಜನ್ ಅಂಶ ಬೇಯಿಸಿದಾಗ ಇಳಿಯುತ್ತದೆ, ಹಸಿಯಲ್ಲಿ ಇಳಿಯುವುದಿಲ್ಲ. ಅಯೋಡಿನ್ ಸರಿ ಇದ್ದರೆ ದಿನಕ್ಕೆ ಒಂದು ಬಟ್ಟಲು ಏನೂ ಮಾಡುವುದಿಲ್ಲ.

ಕಲ್ಯಾಣಪುರದಿಂದ: ಉಪ್ಪು ಇಡುವ ಬಗ್ಗೆ ಯಾರೂ ಹೇಳಲಿಲ್ಲ. ಜೂನ್ ಬಂತು ಅಂದರೆ ಭರಣಿಯ ಉಪ್ಪು ನೀರು ಬಿಡುತ್ತದೆ. ಅಯೋಡಿನ್ ಸಂಯುಕ್ತ ನೀರಲ್ಲಿ ಕರಗುವಂಥದ್ದು, ಹರಳಿನ ಮೇಲ್ಮೈಯಿಂದ ಇಳಿದು ಅಡಿಯ ನೀರಿಗೆ ಸೇರುತ್ತದೆ. ಮೇಲಿನ ಉಪ್ಪು ತೆಗೆದು ಅಡಿಯ ನೀರನ್ನು ಚೆಲ್ಲಿದರೆ ಅಯೋಡಿನ್ ಚೆಲ್ಲಿದ ಹಾಗೆ. ಅರ್ಧ ಕೆಜಿಯ ಪ್ಯಾಕೆಟ್ ತನ್ನಿ, ಬಿಗಿ ಮುಚ್ಚಳದ ಗಾಜಿನ ಬಾಟಲಿಗೆ ಹಾಕಿ, ಒಲೆಯಿಂದ ದೂರ, ಕತ್ತಲೆ ಕಪಾಟಿನಲ್ಲಿ ಇಡಿ. ಒದ್ದೆ ಚಮಚ ಹಾಕಬೇಡಿ. ತಳಕ್ಕೆ ನೀರು ನಿಂತರೂ ಕಲಕಿ ಬಳಸಿ, ಚೆಲ್ಲಬೇಡಿ.

ಉಪ್ಪಿನಕಾಯಿ, ಮಿಡಿಗೆ ನಮ್ಮಲ್ಲಿ ಹಾಕುವುದು ಹೆಚ್ಚಾಗಿ ಅಯೋಡಿನ್ ಇಲ್ಲದ ಕಲ್ಲುಪ್ಪು. ಅದರಿಂದ ಸೋಡಿಯಂ ಬಂತು ಅಂತ ಲೆಕ್ಕ ಹಾಕಿ, ಅಯೋಡಿನ್ ಬಂತು ಅಂತ ಹಾಕಬೇಡಿ. ಉಪ್ಪುನೀರಲ್ಲಿ ಹಾಕಿದ ನೆಲ್ಲಿಕಾಯಿ, ಉಪ್ಪುಸೊಳೆ (ಉಪ್ಪಲ್ಲಿಟ್ಟ ಹಲಸಿನ ಸೊಳೆ) ಎಲ್ಲ ಹಸಿಯೇ ಹೌದು, ಬೆಂಕಿ ಕಂಡಿಲ್ಲ. ಆದರೆ ಉಪ್ಪುಸೊಳೆಯನ್ನು ಎರಡು-ಮೂರು ನೀರಲ್ಲಿ ನೆನೆಸಿ ಉಪ್ಪು ಬಿಡಿಸಿಯೇ ತಿನ್ನುವುದಲ್ಲವಾ, ಕೊನೆಗೆ ಎಷ್ಟು ಉಳಿಯಿತು ಅಂತ ಹೇಳಲು ಬರುವುದಿಲ್ಲ. ಲೆಕ್ಕಕ್ಕೆ ಸಿಗುವುದು ಎಲೆಕೋಸಿನ ಹುಳಿ. ಸಣ್ಣಗೆ ಹೆಚ್ಚಿದ ಕೋಸು 1 ಕೆಜಿ, ಉಪ್ಪು 20 ಗ್ರಾಂ. ಹತ್ತು ನಿಮಿಷ ಕೈಯಲ್ಲಿ ಗಟ್ಟಿ ಹಿಸುಕಿ, ಬಿಟ್ಟ ನೀರಿನೊಳಗೇ ಕೋಸು ಪೂರ್ತಿ ಮುಳುಗುವ ಹಾಗೆ ಬಾಟಲಿಗೆ ಒತ್ತಿ, ಮೇಲೆ ಭಾರ ಇಡಿ. ನಮ್ಮ ಸೆಕೆಗೆ ಮೂರು-ನಾಲ್ಕು ದಿನ ಸಾಕು, ಆಮೇಲೆ ಫ್ರಿಜ್. ಚಳಿ ದೇಶದವರು ಹೇಳುವ ಮೂರು ವಾರ ಇಲ್ಲಿ ಇಟ್ಟರೆ ಮುದ್ದೆಯಾಗುತ್ತದೆ. ಉಪ್ಪು ನೂರಕ್ಕೆ 2 ಪಾಲಿಗಿಂತ ಇಳಿಸಿದರೆ ಮೆತ್ತಗಾಗುತ್ತದೆ. ನೀರಿನ ಮೇಲೆ ತೇಲಿದ ಚೂರಿಗೆ ಬೂಸ್ಟು ಹಿಡಿಯುತ್ತದೆ. ಹಸಿರು, ಕಪ್ಪು, ಗುಲಾಬಿ ಬೂಸ್ಟು ಕಂಡರೆ ಇಡೀ ಬಾಟಲಿ ಗೊಬ್ಬರಕ್ಕೆ. ಸರಿಯಾದ ಹುಳಿ 100 ಗ್ರಾಂ ತಿಂದರೆ 2 ಗ್ರಾಂ ಉಪ್ಪು, ಸೋಡಿಯಂ 780. ಅವತ್ತು ಡಬ್ಬಿಯ ಉಪ್ಪಿನಿಂದ ಅಷ್ಟು ಕಳೆಯಿರಿ.

ಉಡುಪಿ ರಥಬೀದಿಯ ಹತ್ತಿರದಿಂದ: ನಮ್ಮ ಕೋಸಂಬರಿಯೇ ಹಸಿ ಊಟ ಮಾರಾಯ್ರೇ, ಒಗ್ಗರಣೆ ಒಂದು ಬಿಟ್ಟರೆ. ಹೆಸರುಬೇಳೆ 50 ಗ್ರಾಂ ತೂಕ ಮಾಡಿ, ತೊಳೆದು ಎರಡು ಗಂಟೆ ನೆನೆಸಿ, ನೀರು ಬಸಿದು ಇಡಿ. ಮುಳ್ಳುಸೌತೆ 150 ಗ್ರಾಂ ಕೊಚ್ಚಿದ್ದು, ತೆಂಗಿನ ತುರಿ ಎರಡು ದೊಡ್ಡ ಚಮಚ, ಹಸಿಮೆಣಸು, ಕೊತ್ತಂಬರಿ, ಅರ್ಧ ಲಿಂಬೆ. ಕಾಲು ಚಮಚ ಉಪ್ಪನ್ನು ತಿನ್ನುವ ಹೊತ್ತಿಗೆ ಹಾಕಿ. ಮೊದಲೇ ಹಾಕಿಟ್ಟರೆ ಸೌತೆ ನೀರು ಬಿಟ್ಟು ಉಪ್ಪೆಲ್ಲ ಬಟ್ಟಲಿನ ತಳಕ್ಕೆ ಹೋಗುತ್ತದೆ, ಬೇಳೆ ಸಪ್ಪೆ. ಹಾಗೆ ಆಗಿಬಿಟ್ಟರೆ ಬಟ್ಟಲೆತ್ತಿ ಆ ನೀರನ್ನೂ ಕುಡಿಯಿರಿ, ನಿಮ್ಮ ಸೋಡಿಯಂ ಇರುವುದು ಅದರಲ್ಲೇ. ಪ್ರೋಟೀನ್ ಸುಮಾರು 12 ಗ್ರಾಂ. ಬೇಳೆಯನ್ನು ನೆನೆಸುವ ಮೊದಲೇ ತೂಗಬೇಕು. 'ನೂರು ಗ್ರಾಂ ಮೊಳಕೆ ತಿಂದೆ, ಇಪ್ಪತ್ನಾಲ್ಕು ಗ್ರಾಂ ಪ್ರೋಟೀನ್' ಅನ್ನುವವರು ಒಣ ಕಾಳಿನ ಅಂಕಿಯನ್ನು ಒದ್ದೆ ಕಾಳಿಗೆ ಹಾಕಿರುತ್ತಾರೆ.

ಮೊಳಕೆಗೆ ಹೆಸರು, ಹುರುಳಿ. ಎಂಟು ಗಂಟೆ ನೆನೆಸಿ, ಮೂರು-ನಾಲ್ಕು ಸಲ ತೊಳೆದು, ಬಟ್ಟೆಯಲ್ಲಿ ಕಟ್ಟಿ. ಇಲ್ಲಿಯ ಶೆಖೆಗೆ 18ರಿಂದ 24 ಗಂಟೆಯಲ್ಲಿ ಬಾಲ ಬರುತ್ತದೆ, ಅಲ್ಲಿಗೆ ನಿಲ್ಲಿಸಿ ಫ್ರಿಜ್‌ನಲ್ಲಿ ಇಡಿ. ಮಳೆಗಾಲದಲ್ಲಿ ಕಟ್ಟಿದ ಬಟ್ಟೆ ಆರದೆ ಮುಗ್ಗುವಾಸನೆ ಬರುತ್ತದೆ. ಆಗ ಬಟ್ಟೆ ಬಿಟ್ಟು ಜರಡಿ ಕಟ್ಟಿದ ಗಾಜಿನ ಬಾಟಲಿಯನ್ನು ಓರೆಯಾಗಿ ಬೋರಲು ಇಡಿ, ಆರು ಗಂಟೆಗೊಮ್ಮೆ ತೊಳೆಯಿರಿ. ಲೋಳೆಯಾದರೆ, ಹುಳಿ ನಾತ ಬಂದರೆ ತೊಳೆದು ಉಳಿಸಿಕೊಳ್ಳುವ ಪ್ರಯತ್ನ ಬೇಡ. ಮೊಳಕೆ ಬರಿಸುವ ಬಿಸಿ-ತೇವ ಕ್ರಿಮಿಗೂ ಅಷ್ಟೇ ಹಿತ. 2011ರಲ್ಲಿ ಜರ್ಮನಿಯಲ್ಲಿ ಮೆಂತೆ ಮೊಳಕೆಯಿಂದ ಹರಡಿದ ಇ. ಕೋಲಿ ಸೋಂಕಿನಲ್ಲಿ 50ಕ್ಕೂ ಹೆಚ್ಚು ಜನ ಸತ್ತರು, ಅದೂ ಅಷ್ಟು ಶುಚಿಯಾದ ದೇಶದಲ್ಲಿ. ಬಸುರಿಯರು, ಚಿಕ್ಕ ಮಕ್ಕಳು, ತೀರಾ ವಯಸ್ಸಾದವರಿಗೆ ಹಸಿ ಮೊಳಕೆ ಕೊಡಲೇಬೇಡಿ.

ಸುರತ್ಕಲ್‌ನಿಂದ: ಬಿ12. ಇದರಲ್ಲಿ ಚರ್ಚೆಗೆ ಜಾಗ ಇಲ್ಲ. ಗಿಡದ ಆಹಾರದಲ್ಲಿ ನಂಬಬಹುದಾದ ಬಿ12 ಇಲ್ಲ. ಸ್ಪಿರುಲಿನಾ ಪಾಚಿಯಲ್ಲಿ ಇರುವುದು ಬಹುಪಾಲು ಅದರ ತದ್ರೂಪು, ಮೈಗೆ ಕೆಲಸಕ್ಕೆ ಬರುವುದಿಲ್ಲ. ಹುಳಿ ಬರಿಸಿದ ಕೋಸು, ತೊಳೆಯದ ಸೊಪ್ಪು, ಬಾವಿ ನೀರು ಇವೆಲ್ಲ ಕಟ್ಟುಕತೆ.

ಒಂದು ಸಲಕ್ಕೆ ಕರುಳು ಸರಿಯಾಗಿ ಹೀರುವುದು ಒಂದೂವರೆ-ಎರಡು ಮೈಕ್ರೋಗ್ರಾಂ, ಅದರ ಮೇಲಿನದ್ದರಲ್ಲಿ ನೂರಕ್ಕೆ ಒಂದರಷ್ಟು ಮಾತ್ರ ಒಳಗೆ ಹೋಗುತ್ತದೆ. ಹಾಗಾಗಿ ಮಾತ್ರೆಯ ಅಂಕಿ ದೊಡ್ಡದಾಗಿ ಕಾಣುತ್ತದೆ, ಹೆದರಬೇಡಿ. ಸಯನೊಕೊಬಾಲಮಿನ್ ದಿನಕ್ಕೆ 50ರಿಂದ 100 ಮೈಕ್ರೋಗ್ರಾಂ, ಇಲ್ಲವೇ ವಾರಕ್ಕೆ ಎರಡು ಸಲ 1000. ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಹೆಚ್ಚು ಸಿಗುವುದು ಮಿಥೈಲ್‌ಕೊಬಾಲಮಿನ್ 500 ಅಥವಾ 1500ರ ಮಾತ್ರೆ. ಅದಾದರೆ 500 ದಿನಾ ತೆಗೆದುಕೊಳ್ಳುವುದು ಒಳ್ಳೆಯದು. ಕ್ಯಾಪ್ಸೂಲಾದರೆ ಹೊರಚಿಪ್ಪು ಜೆಲಟಿನ್ ಇರಬಹುದು, ವೀಗನ್ ಅಲ್ಲ, ಮಾತ್ರೆಯನ್ನೇ ಕೇಳಿ. ಒಳಗಿನ ಬಿ12 ಮಾತ್ರ ಬ್ಯಾಕ್ಟೀರಿಯಾದಿಂದ ಬೆಳೆಸಿದ್ದು, ಪ್ರಾಣಿಯದ್ದಲ್ಲ.

ಇದರ ಮೋಸ ಏನೆಂದರೆ, ಯಕೃತ್ತಿನಲ್ಲಿ ವರ್ಷಗಟ್ಟಲೆ ಸಂಗ್ರಹ ಇರುವುದರಿಂದ ಬಿಟ್ಟ ಕೂಡಲೇ ಏನೂ ಆಗುವುದಿಲ್ಲ. ಇನ್ನೊಂದು, ಹಸಿ ಸೊಪ್ಪು-ಕಾಳಿನಲ್ಲಿ ಫೋಲೇಟ್ ತುಂಬಿರುವುದರಿಂದ ಬಿ12 ಕೊರತೆಯ ರಕ್ತಹೀನತೆ ಮರೆಯಾಗಿಬಿಡುತ್ತದೆ. ಹಿಮೋಗ್ಲೋಬಿನ್ ಚೆನ್ನಾಗಿಯೇ ಇರುತ್ತದೆ, ನರ ಮಾತ್ರ ಒಳಗೊಳಗೇ ಸವೆಯುತ್ತದೆ. ಅಂಗಾಲು ಜುಮ್ ಅನ್ನುವುದು, ಕಣ್ಣು ಮುಚ್ಚಿ ನಿಂತರೆ ತೂರಾಡುವುದು, ನಾಲಿಗೆ ನುಣುಪಾಗಿ ಉರಿಯುವುದು ಶುರುವಾದ ಮೇಲೆ ಮಾತ್ರೆ ನುಂಗಿದರೆ ಹೋದ ನರ ಪೂರ್ತಿ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಮೂರು ತಿಂಗಳಾಯಿತಲ್ಲ, ಇವತ್ತೇ ಶುರು ಮಾಡಿ. ಅದಕ್ಕೆ ಮೊದಲು ಒಮ್ಮೆ ರಕ್ತ ಕೊಟ್ಟು ಬಿ12, ಹೋಮೋಸಿಸ್ಟೀನ್, ಫೆರಿಟಿನ್ (ಕಬ್ಬಿಣದ ಸಂಗ್ರಹ), ವಿಟಮಿನ್ ಡಿ, ಟಿಎಸ್‌ಎಚ್ (ಥೈರಾಯ್ಡ್), ಸೋಡಿಯಂ-ಪೊಟ್ಯಾಶಿಯಂ ನೋಡಿಸಿಕೊಳ್ಳಿ. ಮಾತ್ರೆ ಶುರು ಮಾಡಿದ ಮೇಲೆ ನೋಡಿದ ಬಿ12 ಅಂಕಿಗೆ ಅರ್ಥ ಕಮ್ಮಿ.

ಮೂಡುಬಿದಿರೆಯಿಂದ: ಕ್ಯಾಲ್ಸಿಯಂ ಬಗ್ಗೆ ನಾಲ್ಕು ಮಾತು. ಬೇಕಾದದ್ದು 1000 ಮಿಲಿಗ್ರಾಂ. ಎಳ್ಳು ಅಂತ ಎಲ್ಲರೂ ಹೇಳುತ್ತಾರೆ, ಆದರೆ ಯಾವ ಎಳ್ಳು? ಸಿಪ್ಪೆ ಇರುವ ಎಳ್ಳಿನಲ್ಲಿ ನೂರು ಗ್ರಾಂಗೆ ಸಾವಿರದ ಹತ್ತಿರ, ಸಿಪ್ಪೆ ತೆಗೆದ ಬಿಳಿ ಎಳ್ಳಿನಲ್ಲಿ ಅದರ ಹತ್ತನೇ ಒಂದು ಪಾಲು. ಆದರೆ ಸಿಪ್ಪೆಯಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟ್ ಜೊತೆ ಕಟ್ಟಿಕೊಂಡಿರುತ್ತದೆ, ಅರ್ಧಕ್ಕರ್ಧವೂ ದಕ್ಕುವುದಿಲ್ಲ. ಎಳ್ಳು ನೆನೆಸಿ, ರುಬ್ಬಿ, ಸೋಸದೆ ಕುಡಿಯಿರಿ. ಇಡೀ ಎಳ್ಳು ಹಾಗೇ ನುಂಗಿದರೆ ಹೋದ ಹಾಗೇ ಹೊರಗೆ ಬರುತ್ತದೆ. ರಾಗಿ ನೀರೂ ಹಾಗೆಯೇ. ನೂರು ಗ್ರಾಂ ರಾಗಿಯಲ್ಲಿ 340–360 ಮಿಲಿಗ್ರಾಂ, ಅದರ ಒಳ್ಳೆ ಪಾಲು ಸಿಪ್ಪೆಯಲ್ಲಿ. ತೆಳು ಬಟ್ಟೆಯಲ್ಲಿ ಹಿಂಡಿ ಹಾಲು ಮಾತ್ರ ಕುಡಿದರೆ ಕ್ಯಾಲ್ಸಿಯಂ ಹಿಂಡಿಯಲ್ಲೇ ಉಳಿಯಿತು, ದನಕ್ಕೆ ಹೋಯಿತು. ಹಸಿ ರಾಗಿಯ ಗಂಜಿ-ಅಂಶ ಎಲ್ಲರಿಗೂ ಜೀರ್ಣ ಆಗುವುದಿಲ್ಲ, 20–30 ಗ್ರಾಂಗಿಂತ ಮೇಲೆ ಹೊಟ್ಟೆ ಉಬ್ಬರ.

ಪಾಲಕ್, ಹರಿವೆ, ಬಸಳೆಯನ್ನು ಕ್ಯಾಲ್ಸಿಯಂ ಲೆಕ್ಕಕ್ಕೆ ಹಿಡಿಯಬೇಡಿ, ಆಕ್ಸಲೇಟ್ ಜಾಸ್ತಿ. ದಿನಾ ಒಂದು ಕಟ್ಟು ಪಾಲಕ್ ಮಿಕ್ಸಿಗೆ ಹಾಕಿ ಕುಡಿಯುವುದು ಮೂತ್ರಪಿಂಡದ ಕಲ್ಲಿಗೆ ಆಹ್ವಾನ. ಮೂಲಂಗಿ ಸೊಪ್ಪು, ನವಿಲುಕೋಸಿನ ಎಲೆ ಒಳ್ಳೆಯದು. ಅಂಗಡಿಯಲ್ಲಿ ಕಿತ್ತೆಸೆಯುತ್ತಾರೆ, ಕೇಳಿದರೆ ಕಾಸಿಲ್ಲದೆ ಕೊಡುತ್ತಾರೆ. ಎಷ್ಟು ಮಾಡಿದರೂ ಹಸಿ ವೀಗನ್ ತಟ್ಟೆಯಲ್ಲಿ 500–600 ದಾಟುವುದು ಕಷ್ಟ. ಉಳಿದದ್ದಕ್ಕೆ 250ರಿಂದ 500ರ ಒಂದು ಮಾತ್ರೆ, ಊಟದ ಜೊತೆ. ಕಬ್ಬಿಣದ ಮಾತ್ರೆ ಇದ್ದರೆ ಬೇರೆ ಹೊತ್ತಿಗೆ.

ಕಬ್ಬಿಣ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರ ಲೆಕ್ಕದಲ್ಲಿ ಗಂಡಸರಿಗೆ 19, ಹೆಂಗಸರಿಗೆ 29 ಮಿಲಿಗ್ರಾಂ. ಮೊಳಕೆಯ ಜೊತೆ ಲಿಂಬೆ, ನೆಲ್ಲಿ, ಪೇರಳೆ ಹೀಗೆ ವಿಟಮಿನ್ ಸಿ ಇರುವ ಏನಾದರೊಂದು ಇರಲೇಬೇಕು. ಚಹಾ-ಕಾಪಿ ಒಂದು ಗಂಟೆ ಆಚೆ. ಸತುವಿಗೆ ಕುಂಬಳಬೀಜ 30 ಗ್ರಾಂ, ನೆನೆಸಿದ್ದು. ಒಮೆಗಾ-3ಗೆ ಅಗಸೆಬೀಜ ಒಂದು ದೊಡ್ಡ ಚಮಚ, ಆಗಾಗ ಪುಡಿ ಮಾಡಿಕೊಳ್ಳಿ. ನಮ್ಮ ಹವೆಗೆ ಪುಡಿ ಮಾಡಿಟ್ಟದ್ದು ವಾರದಲ್ಲಿ ಕನರುತ್ತದೆ. ವಿಟಮಿನ್ ಡಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲಿನಿಂದ ನಿರೀಕ್ಷೆ ಮಾಡುವುದೇ ಬೇಡ. ಡಿ3 ಸಾಮಾನ್ಯವಾಗಿ ಕುರಿ ಉಣ್ಣೆಯ ಜಿಡ್ಡಿನಿಂದ ಮಾಡಿದ್ದು. ಡಿ2, ಇಲ್ಲವೇ ಕಲ್ಲುಹೂವಿನ ಜಾತಿಯಿಂದ ಮಾಡಿದ ಡಿ3 ಕೇಳಿ.

ಕೇಳಿದವರು: ಮನೆಯ ಹಿತ್ತಲಲ್ಲಿ ಬಿಂಬುಳಿ, ಕೆಸು, ಮರಗೆಣಸು ಎಲ್ಲ ಉಂಟು. ಅದೆಲ್ಲ ಹಸಿ ತಿನ್ನಬಹುದಾ? ಗೋಡಂಬಿ ಸಹ.

ಮೂಡುಬಿದಿರೆಯಿಂದ: ಅಯ್ಯೋ, ಕೇಳಿದ್ದು ಒಳ್ಳೆದಾಯಿತು. ಮರಗೆಣಸು ಹಸಿ ತಿಂದರೆ ಸಯನೈಡ್ ವಿಷ. ಕಳಲೆಯಲ್ಲೂ (ಎಳೆ ಬಿದಿರು) ಅದೇ ವಿಷ, ಮೂರು ದಿನ ನೀರು ಬದಲಿಸಿ ಬೇಯಿಸಿದ ಮೇಲೆಯೇ ತಿನ್ನುವುದು. ಕೆಸು, ಸುವರ್ಣಗೆಡ್ಡೆಯಲ್ಲಿ ಸೂಜಿಯಂಥ ಆಕ್ಸಲೇಟ್ ಹರಳು, ಗಂಟಲು ಬಾತುಕೊಳ್ಳುತ್ತದೆ. ಹಲಸಿನ ಬೀಜ ಹಸಿ ಬೇಡ. ರಾಜ್ಮಾ ಮೊಳಕೆ ಬರಿಸಿದರೂ ಹಸಿ ತಿನ್ನಬಾರದು, ಅದರ ಲೆಕ್ಟಿನ್ ಅನ್ನುವ ವಿಷಾಂಶ ಬೆಂಕಿಗೆ ಮಾತ್ರ ಸಾಯುವುದು.

ಬಿಂಬುಳಿ ಒಂದೆರಡು ಚೂರು ಚಟ್ನಿಗೆ ಸರಿ. ಕೊಲೆಸ್ಟ್ರಾಲ್ ಇಳಿಯುತ್ತದೆ ಅಂತ ಯಾರೋ ಹೇಳಿದ್ದು ಕೇಳಿ ರಸ ಹಿಂಡಿ ಲೋಟಗಟ್ಟಲೆ ಕುಡಿದು ಮೂತ್ರಪಿಂಡ ಕೆಟ್ಟವರ ಪ್ರಕರಣ ಪಕ್ಕದ ಕೇರಳದಲ್ಲಿ ವರದಿಯಾಗಿದೆ, ಆಕ್ಸಲೇಟಿನದ್ದೇ ಕೆಲಸ. ದಾರೆಹುಳಿ ರಸವೂ ಖಾಲಿ ಹೊಟ್ಟೆಗೆ ಬೇಡ, ಕಿಡ್ನಿ ತೊಂದರೆ ಇರುವವರು ಮುಟ್ಟಲೇಬಾರದು.

ಗೋಡಂಬಿ: ಅಂಗಡಿಯ 'ಹಸಿ' ಗೋಡಂಬಿ ಹಸಿಯಲ್ಲ. ಮಂಗಳೂರಿನ ಕಾರ್ಖಾನೆಗಳಲ್ಲಿ ಬೀಜವನ್ನು ಹಬೆಗೆ ಕೊಟ್ಟ ಮೇಲೆಯೇ ಒಡೆಯುವುದು. ಹಾಗೆ ಮಾಡದಿದ್ದರೆ ಸಿಪ್ಪೆಯ ಎಣ್ಣೆ ಕೈ-ಬಾಯಿ ಸುಡುತ್ತದೆ. 'ನಿಜವಾದ ಹಸಿ ಬೇಕು' ಅಂತ ತೋಟದ ಬೀಜವನ್ನು ಹಲ್ಲಲ್ಲಿ ಒಡೆಯಲು ಹೋಗಬೇಡಿ. ಶೇಂಗಾ ಮಳೆಗಾಲದಲ್ಲಿ ಸಡಿಲ ಚೀಲದ್ದು ಬೇಡ. ಸುಕ್ಕಿದ್ದು, ಬಣ್ಣ ಮಾಸಿದ್ದು, ಕಹಿ ಬಂದದ್ದು ಒಂದೊಂದಾಗಿ ಆರಿಸಿ ಎಸೆಯಿರಿ. ಬೂಸ್ಟಿನ ವಿಷ ಅಫ್ಲಟಾಕ್ಸಿನ್ ತೊಳೆದರೆ ಹೋಗುವುದಿಲ್ಲ.

ಕದ್ರಿಯಿಂದ: ಕೊನೆಗೆ ಒಂದು. ಕಣ್ಣು ಕತ್ತಲೆಗೆ ಉಪ್ಪೊಂದೇ ಕಾರಣ ಅಂತ ಕೂರಬೇಡಿ, ಕ್ಯಾಲೊರಿ ಕೂಡಿಸಿ ನೋಡಿ. ನಾನು ಮೇಲೆ ಬರೆದ ತಟ್ಟೆ ಹೊಟ್ಟೆ ಬಿರಿಯುವಷ್ಟು ಕಾಣುತ್ತದೆ, ಲೆಕ್ಕ ಹಾಕಿದರೆ 1000–1100ರ ಸುತ್ತಮುತ್ತ. ಅರ್ಧ ತೆಂಗಿನಕಾಯಿಯ ತುರಿ, ನೆನೆಸಿದ ಶೇಂಗಾ ಅಥವಾ ಬಾದಾಮಿ 50 ಗ್ರಾಂ, ಖರ್ಜೂರ ಎಂಟು ಸೇರಿಸಿದರೆ ಮಾತ್ರ 2000 ದಾಟುವುದು. ಹೆಂಗಸರಿಗೆ ತಿಂಗಳ ಮುಟ್ಟು ತಪ್ಪಿದರೆ ಅದು ಶುದ್ಧಿಯಲ್ಲ, ಹಸಿವು.

ಈ ವಾರ ಇಷ್ಟು ಮಾಡಿ: ಡಬ್ಬಿಗೆ ಅರ್ಧ ಚಮಚ ಅಯೋಡಿನ್ ಉಪ್ಪು, ಬರೀ ನೀರು ಬಾಯಾರಿದಷ್ಟೇ, ಎಳನೀರು ಬೆಳಿಗ್ಗೆ ಹನ್ನೊಂದಕ್ಕೆ, ಉಪ್ಪು ಕಲಕಿ. ಐದಾರು ದಿನದಲ್ಲಿ ಮೀನಖಂಡ ಬಿಡದಿದ್ದರೆ ರಕ್ತದ ವರದಿ ಹಿಡಿದು ಡಾಕ್ಟರ ಹತ್ತಿರ ಹೋಗಿ, ಮೆಗ್ನೀಷಿಯಂ ಸಹ ನೋಡಿಸಿ.

ಕೇಳಿದವರು: ಮನೆಯಲ್ಲಿ ಇರುವುದು ಸೈಂಧವ ಮಾತ್ರ, ಎರಡು ಕೆಜಿ.

ಕಲ್ಯಾಣಪುರದಿಂದ: ಮಾವಿನ ಮಿಡಿ ಸೀಸನ್ ಮುಗಿದಿಲ್ಲ. ಭರಣಿಗೆ ಹಾಕಿ.